ಬಜ್ಪೆಯ ಬಾಗಿಲು, ತಲಪಾಡಿಯ ಬಾಗಿಲು

2020ರ ಮಾರ್ಚ್ 18, ಬುಧವಾರ. ರಾತ್ರಿ ಊಟ ಮುಗಿದು ಅಮ್ಮನಿಗೆ ಮಾತ್ರೆ ಕೊಡುವ ಹೊತ್ತಿಗೆ ದುಬೈಯಿಂದ ತಮ್ಮನ ಫೋನ್ ಬಂತು. ಅವನ ಕೈಯಲ್ಲಿ 20ನೇ ತಾರೀಕಿನ ಟಿಕೆಟ್ ಇತ್ತು. ಮೇ ತಿಂಗಳಿಗೆ ಬರಬೇಕೆಂದಿದ್ದವನು, ಮುಂದೆ ಏನಾಗುತ್ತದೋ ಎಂಬ ಗಾಬರಿಯಲ್ಲಿ ಮೊದಲೇ ಮಾಡಿಸಿಕೊಂಡಿದ್ದ. “ಏನು ಮಾಡಲಿ, ಬರಲಾ? ಮಹಡಿಯ ಕೋಣೆ ಖಾಲಿ ಉಂಟಲ್ಲ, ಹದಿನಾಲ್ಕು ದಿನ ಅಲ್ಲೇ ಇರುತ್ತೇನೆ” ಎಂದ.

ಮಹಡಿಯ ಕೋಣೆ ಪೂರ್ತಿ ಖಾಲಿ ಇರಲಿಲ್ಲ. ಅರ್ಧ ತುಂಬ ತೆಂಗಿನಕಾಯಿ, ಇನ್ನರ್ಧ ಹಳೇ ಪೇಪರು. ಅದಕ್ಕಿಂತ ದೊಡ್ಡ ಸಮಸ್ಯೆ ಎಂದರೆ ಮೇಲೆ ಬಚ್ಚಲುಮನೆ ಇರಲಿಲ್ಲ. ಸ್ನಾನಕ್ಕೆ, ಶೌಚಕ್ಕೆ ಅವನು ಕೆಳಗೆ ಇಳಿಯಲೇಬೇಕು, ಅಮ್ಮ ಬಳಸುವುದನ್ನೇ ಬಳಸಬೇಕು. ಅಮ್ಮನಿಗೆ ಎಪ್ಪತ್ತೆಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್. ಹಿರಿಯರಿಗೆ, ಹೃದ್ರೋಗಿಗಳಿಗೆ ಈ ಸೋಂಕು ಅಪಾಯ ಎಂದು ಟಿವಿಯಲ್ಲಿ ಗಂಟೆಗೊಮ್ಮೆ ಹೇಳುತ್ತಿದ್ದರು. ನಾನು ಜಗಲಿಗೆ ಬಂದು ದನಿ ತಗ್ಗಿಸಿ, “ಈಗ ಬರಬೇಡ ಮಾರಾಯ, ಸ್ವಲ್ಪ ತಣ್ಣಗಾಗಲಿ” ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು “ಆಯ್ತು” ಎಂದ.

ಮರುದಿನ ಬೆಳಿಗ್ಗೆ ಅಮ್ಮ ಕೇಳಿದಳು: “ಅವನು ಶುಕ್ರವಾರ ಬರ್ತೇನೆ ಅಂದಿದ್ದನಲ್ಲ?” ನಾನು “ವಿಮಾನ ನಿಲ್ಲಿಸಿದ್ದಾರೆ ಅಮ್ಮ” ಎಂದುಬಿಟ್ಟೆ. ಆಗ ವಿಮಾನಗಳು ನಿಂತಿರಲಿಲ್ಲ. ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ಮಾರ್ಚ್ 22ರಿಂದ ಇಳಿಯುವಂತಿಲ್ಲ ಎಂಬ ಆದೇಶವನ್ನು ಸರಕಾರ ಹೊರಡಿಸಿದ್ದು ಅದೇ ದಿನ, ನಾನು ಸುಳ್ಳು ಹೇಳಿದ ಮೇಲೆ. ನನ್ನ ಸುಳ್ಳು ಮೂರು ದಿನದಲ್ಲಿ ನಿಜವಾಯಿತು. ಒಂದು ಮನೆಯ ಮಟ್ಟಿಗೆ ನಾನು ಭಾರತ ಸರಕಾರಕ್ಕಿಂತ ಮೊದಲೇ ಅಂತಾರಾಷ್ಟ್ರೀಯ ಪ್ರಯಾಣವನ್ನು ನಿರ್ಬಂಧಿಸಿದ್ದೆ.

ಆದ್ದರಿಂದ ಇವತ್ತಿಗೂ ಯಾರಾದರೂ “ಜನವರಿಯಲ್ಲೇ ವಿಮಾನ ನಿಲ್ಲಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ” ಎಂದರೆ ನನಗೆ ಹೌದು ಎನ್ನಲೂ ಬಾಯಿ ಬರುವುದಿಲ್ಲ, ಅಲ್ಲ ಎನ್ನಲೂ ಬರುವುದಿಲ್ಲ. ಸರಕಾರ ಏನು ಮಾಡಬೇಕಿತ್ತು ಎಂಬ ಪ್ರಶ್ನೆಯ ಜೊತೆ ನಾನು ಏನು ಮಾಡಬೇಕಿತ್ತು ಎಂಬ ಪ್ರಶ್ನೆಯೂ ಎದ್ದು ನಿಲ್ಲುತ್ತದೆ.

ಮಣ್ಣಗುಡ್ಡದಲ್ಲಿ ಕೂತವರಿಗೆ ಗಲ್ಫ್ ಪರದೇಶವೇ ಅಲ್ಲ. ನಮ್ಮ ಓಣಿಯ ಹನ್ನೊಂದು ಮನೆಗಳಲ್ಲಿ ಆರರಿಂದ ಯಾರಾದರೊಬ್ಬರು ದುಬೈಯಲ್ಲೋ ದೋಹಾದಲ್ಲೋ ಮಸ್ಕತ್ತಿನಲ್ಲೋ ಇದ್ದಾರೆ. ಹಿಂದೆ ಬೊಂಬಾಯಿಗೆ ಬಸ್ಸು ಹಿಡಿದು ಅಲ್ಲಿಂದ ಹಾರುತ್ತಿದ್ದರು. 2006ರಲ್ಲಿ ಬಜ್ಪೆಯಿಂದಲೇ ದುಬೈಗೆ ನೇರ ವಿಮಾನ ಶುರುವಾದ ಮೇಲೆ ಬೆಂಗಳೂರಿಗಿಂತ ದುಬೈ ಹತ್ತಿರವಾಯಿತು. ಶಿರಾಡಿ ಘಾಟಿ ಹತ್ತಿ ಬೆಂಗಳೂರು ತಲುಪಲು ಒಂದು ಇಡೀ ರಾತ್ರಿ ಬೇಕು, ದುಬೈಗೆ ಮೂರೂವರೆ ಗಂಟೆ ಸಾಕು. ಮದುವೆಗೆ, ಕೋಲಕ್ಕೆ, ಗುರ್ಜಿಯ ದೀಪಕ್ಕೆ ನಾಲ್ಕು ದಿನ ರಜೆ ಹಾಕಿ ಬಂದು ಹೋಗುವವರಿದ್ದಾರೆ. ಕಾಸರಗೋಡಿನವರಿಗೂ ಬಹುಕಾಲ ಹತ್ತಿರದ ವಿಮಾನ ನಿಲ್ದಾಣ ಬಜ್ಪೆಯೇ. ಹೀಗಾಗಿ ಅಂತಾರಾಷ್ಟ್ರೀಯ ಪ್ರಯಾಣ ನಿರ್ಬಂಧ ಎಂದರೆ ದೆಹಲಿಯಲ್ಲಿ ಅದರ ಅರ್ಥ ವೀಸಾ, ಪ್ರವಾಸಿಗರು, ವ್ಯಾಪಾರ. ಇಲ್ಲಿ ಅದರ ಅರ್ಥ ಮಗ ಮನೆಗೆ ಬರುವಂತಿಲ್ಲ ಎಂಬುದು.

ಆ ದಿನಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಜನವರಿ 23ಕ್ಕೆ ಚೀನಾ ವುಹಾನ್ ನಗರವನ್ನು ಮುಚ್ಚಿತು. ಜನವರಿ 30ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಸ್ಥಿತಿ ಘೋಷಿಸಿತು. ಅದೇ ದಿನ ಭಾರತದ ಮೊದಲ ಪ್ರಕರಣ ತೃಶ್ಶೂರಿನಲ್ಲಿ ಪತ್ತೆಯಾಯಿತು, ಫೆಬ್ರವರಿ 3ಕ್ಕೆ ಮೂರನೆಯದು ಕಾಸರಗೋಡು ಜಿಲ್ಲೆಯಲ್ಲಿ. ಮೂರೂ ವುಹಾನ್‌ನಿಂದ ಮರಳಿದ ವಿದ್ಯಾರ್ಥಿಗಳು. ನಮ್ಮ ಸರಕಾರ ಚೀನಾದ ಮಟ್ಟಿಗೆ ತಡಮಾಡಲಿಲ್ಲ. ಜನವರಿಯಲ್ಲೇ ಅಲ್ಲಿಂದ ಬಂದವರ ತಪಾಸಣೆ ಶುರುವಾಗಿತ್ತು, ಫೆಬ್ರವರಿಯ ಮೊದಲ ವಾರದಲ್ಲಿ ವೀಸಾಗಳು ರದ್ದಾದವು. ಎಲ್ಲರ ಕಣ್ಣೂ ಚೀನಾದ ಮೇಲಿತ್ತು. ಬಜ್ಪೆಗೆ ಚೀನಾದಿಂದ ವಿಮಾನ ಬರುವುದೇ ಇಲ್ಲ.

ನಮ್ಮ ರಾಜ್ಯಕ್ಕೆ ಸೋಂಕು ಬಂದದ್ದು ಬೇರೆ ದಾರಿಗಳಿಂದ. ಮಾರ್ಚ್ ಎರಡನೇ ವಾರ ಬೆಂಗಳೂರಿನಲ್ಲಿ ಪತ್ತೆಯಾದ ಮೊದಲ ಪ್ರಕರಣ ಅಮೆರಿಕದಿಂದ ಮರಳಿದವರದು. ದೇಶದಲ್ಲೇ ಮೊದಲ ಕೋವಿಡ್ ಸಾವು ಎಂದು ದಾಖಲಾದದ್ದು ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ಹಿರಿಯರೊಬ್ಬರದು. ಅವರು ಫೆಬ್ರವರಿ ಕೊನೆಯಲ್ಲಿ ಸೌದಿ ಅರೇಬಿಯಾದಿಂದ ಹೈದರಾಬಾದ್ ಮೂಲಕ ಊರಿಗೆ ಬಂದಿದ್ದರು. ವಿಮಾನ ನಿಲ್ದಾಣದಲ್ಲಿ ತಪಾಸಣೆ ಆಗಿತ್ತು, ಆಗ ಅವರಿಗೆ ಯಾವ ಲಕ್ಷಣವೂ ಇರಲಿಲ್ಲ. ದಕ್ಷಿಣ ಕನ್ನಡದಲ್ಲಿ ಪತ್ತೆಯಾದ ಮೊದಲ ಪ್ರಕರಣವೂ ಮಾರ್ಚ್ 19ರಂದು ದುಬೈಯಿಂದ ಬಜ್ಪೆಗೆ ಇಳಿದವರದು. ಹಣೆಗೆ ಹಿಡಿಯುವ ಉಪಕರಣ ಜ್ವರವನ್ನು ಮಾತ್ರ ಹಿಡಿಯುತ್ತದೆ. ಮೈಯಲ್ಲಿ ಸೋಂಕು ಸೇರಿ ಜ್ವರ ಏರುವ ಮೊದಲಿನ ಆ ಕೆಲವು ದಿನಗಳಲ್ಲಿ ಪ್ರಯಾಣ ಮಾಡಿದವರು ಆರಾಮವಾಗಿ ದಾಟಿ ಬರುತ್ತಾರೆ, ಅವರಿಗೇ ಗೊತ್ತಿರುವುದಿಲ್ಲ.

ಮಾರ್ಚ್ ಕೊನೆಯಲ್ಲಿ ಕೇಂದ್ರದ ಸಂಪುಟ ಕಾರ್ಯದರ್ಶಿ ರಾಜ್ಯಗಳಿಗೆ ಒಂದು ಪತ್ರ ಬರೆದರು. ಜನವರಿ 18ರಿಂದ ಮಾರ್ಚ್ 23ರ ತನಕ ಹೊರದೇಶಗಳಿಂದ ಬಂದವರ ಸಂಖ್ಯೆ 15 ಲಕ್ಷಕ್ಕೂ ಹೆಚ್ಚು ಎಂದೂ, ಹಾಗೆ ಬಂದವರಿಗೂ ರಾಜ್ಯಗಳು ನಿಗಾದಲ್ಲಿ ಇಟ್ಟವರಿಗೂ ಲೆಕ್ಕ ತಾಳೆಯಾಗುತ್ತಿಲ್ಲವೆಂದೂ ಅದರಲ್ಲಿತ್ತು. ಆ ಹೊತ್ತಿಗೆ ವಿಮಾನಗಳೂ ನಿಂತಿದ್ದವು, ದೇಶವೂ ನಿಂತಿತ್ತು. ಬೀಗ ಹಾಕಿ ಆದ ಮೇಲೆ ಒಳಗೆ ಎಷ್ಟು ಜನ ಎಂದು ಎಣಿಸಿದ ಹಾಗೆ.

ಹಾಗಾದರೆ ಬೇಗ ಮುಚ್ಚಬೇಕಿತ್ತು ಅನ್ನುವವರದೇ ಸರಿಯೇ? ಅವರ ಪರವಾಗಿ ಹೇಳುವುದಕ್ಕೆ ಸಾಕಷ್ಟಿದೆ. ವುಹಾನ್ ಮುಚ್ಚಿದ್ದರ ಪರಿಣಾಮವನ್ನು ಲೆಕ್ಕ ಹಾಕಿದ ಒಂದು ಅಧ್ಯಯನ 2020ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಚೀನಾದೊಳಗೆ ಅದರಿಂದ ಸೋಂಕು ಹಿಂದೆ ಬಿದ್ದದ್ದು 3ರಿಂದ 5 ದಿನ ಮಾತ್ರ, ಏಕೆಂದರೆ ಅಷ್ಟರಲ್ಲಿ ಅದು ಬೇರೆ ಊರುಗಳಿಗೆ ಹೋಗಿಯಾಗಿತ್ತು. ಆದರೆ ಬೇರೆ ದೇಶಗಳಿಗೆ ಹೋಗುವ ಪ್ರಕರಣಗಳು ಫೆಬ್ರವರಿ ಮಧ್ಯದ ತನಕ ಶೇ. 80ರಷ್ಟು ಕಡಿಮೆಯಾದವು. ಅಂದರೆ ಪ್ರಯಾಣ ತಡೆದರೆ ಸಮಯ ಸಿಗುತ್ತದೆ. ಆದರೆ ಅದೇ ಅಧ್ಯಯನ ಮುಂದುವರಿದು ಹೇಳುವುದೇನೆಂದರೆ, ಊರೊಳಗೆ ಹರಡುವುದನ್ನು ತಗ್ಗಿಸುವ ಕೆಲಸ ಜೊತೆಗೆ ನಡೆಯದಿದ್ದರೆ ಪ್ರಯಾಣ ತಡೆದದ್ದರಿಂದ ದೊಡ್ಡ ಪ್ರಯೋಜನವಿಲ್ಲ. ಸಿಕ್ಕಿದ ಸಮಯದಲ್ಲಿ ಏನು ಮಾಡಿದಿರಿ ಎಂಬುದೇ ಮುಖ್ಯ.

ಎದುರು ವಾದವೂ ನನಗೆ ಪುಸ್ತಕದಿಂದ ಬಂದದ್ದಲ್ಲ. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗ್ ಎಂದಾಗ ಗಲ್ಫಿನ ಹಲವು ದೇಶಗಳು ಭಾರತದ ವಿಮಾನಗಳನ್ನು ನಿಲ್ಲಿಸಿದ್ದವು. ನಮ್ಮ ಓಣಿಗೆ ರಜೆಯಲ್ಲಿ ಬಂದಿದ್ದ ಒಬ್ಬರು ಇಲ್ಲೇ ಸಿಕ್ಕಿಕೊಂಡಿದ್ದರು. ಸೂರತ್ ಎಲ್ಲಿ, ಮಂಗಳೂರು ಎಲ್ಲಿ! ದಿನಾ ಸಂಜೆ ಎಸ್‌ಟಿಡಿ ಬೂತಿನ ಮುಂದೆ ನಿಂತು ಕಂಪೆನಿಗೆ ಫೋನ್ ಮಾಡುತ್ತಿದ್ದ ಅವರ ಮುಖ ನನಗೆ ಈಗಲೂ ನೆನಪಿದೆ. ಆಗ ನಾವೆಲ್ಲ ಇದು ಅನ್ಯಾಯ ಎಂದೇ ಮಾತಾಡಿಕೊಂಡಿದ್ದೆವು. 2020ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಯಾಣ ನಿರ್ಬಂಧ ಬೇಡ ಎಂದದ್ದರ ಹಿಂದೆ ಇಂಥ ಅನುಭವಗಳೂ ಇದ್ದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದ ದೇಶಕ್ಕೆ ಶಿಕ್ಷೆಯಾದರೆ ಮುಂದಿನ ಬಾರಿ ಯಾರು ಬಾಯಿ ಬಿಡುತ್ತಾರೆ?

2021ರ ನವೆಂಬರಿನಲ್ಲಿ ಅದೇ ಆಯಿತು. ಹೊಸ ತಳಿಯೊಂದನ್ನು ಗುರುತಿಸಿ ದಕ್ಷಿಣ ಆಫ್ರಿಕಾ ಜಗತ್ತಿಗೆ ತಿಳಿಸಿದ ಕೂಡಲೇ ಹಲವು ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿದವು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಪ್ರಕಟವಾದವು, ಎರಡೂ ಬೆಂಗಳೂರಿನವು. ಒಂದು ದಕ್ಷಿಣ ಆಫ್ರಿಕಾದಿಂದ ಬಂದವರದು. ಇನ್ನೊಂದು ಬೆಂಗಳೂರಿನ ಒಬ್ಬ ವೈದ್ಯರದು, ಅವರು ಯಾವ ದೇಶಕ್ಕೂ ಹೋಗಿ ಬಂದಿರಲಿಲ್ಲ. ಒಂದು ದೇಶದ ಹೆಸರು ಹಿಡಿದು ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಸೋಂಕು ಆ ದೇಶದ ಹೆಸರಿನಲ್ಲಿ ಉಳಿದಿರುವುದಿಲ್ಲ. ಫೆಬ್ರವರಿಯಲ್ಲಿ ನಾವು ಚೀನಾವನ್ನು ನೋಡುತ್ತಿದ್ದಾಗ ಅದು ಗಲ್ಫಿನಿಂದ, ಇಟಲಿಯಿಂದ, ಅಮೆರಿಕದಿಂದ ಬಂದ ಹಾಗೆ.

ಇನ್ನು ತಲಪಾಡಿಯ ಬಾಗಿಲು. ನಮ್ಮ ಜಿಲ್ಲೆಯವರು ಈ ವಿಷಯ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಬಾರದು ಎಂದು ನನಗೆ ಅನಿಸುತ್ತದೆ.

ಮಾರ್ಚ್‌ನಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಪ್ರಕರಣಗಳು ಏರಿದವು, ಬಹುತೇಕ ಗಲ್ಫಿನಿಂದ ಬಂದವರಲ್ಲಿ ಮತ್ತು ಅವರ ಮನೆಯವರಲ್ಲಿ. ಕರ್ನಾಟಕ ಗಡಿ ಮುಚ್ಚಿತು. ಹೆದ್ದಾರಿಯಲ್ಲಿ ಬ್ಯಾರಿಕೇಡು, ಒಳದಾರಿಗಳಿಗೆ ಲಾರಿಗಟ್ಟಲೆ ಮಣ್ಣು. ಕಾಸರಗೋಡಿನ ಕನ್ನಡಿಗರು, ತುಳುವರು, ಮಲಯಾಳಿಗಳು ಎಲ್ಲರೂ ದೊಡ್ಡ ಕಾಯಿಲೆಗೆ ಬರುತ್ತಿದ್ದದ್ದು ಮಂಗಳೂರಿನ ಆಸ್ಪತ್ರೆಗಳಿಗೆ. ಡಯಾಲಿಸಿಸ್, ಹೃದಯಾಘಾತ, ಹೆರಿಗೆ, ಎಲ್ಲಕ್ಕೂ. ಆ ದಿನಗಳಲ್ಲಿ ಗಡಿ ದಾಟಲಾಗದೆ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರಸ್ತೆ ತೆರೆಸಬೇಕೆಂದು ಕೇಂದ್ರಕ್ಕೆ ಆದೇಶಿಸಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರ ಹೊತ್ತಿಗೆ ಷರತ್ತುಗಳ ಮೇಲೆ ರೋಗಿಗಳನ್ನು ಬಿಡುವ ಒಪ್ಪಂದವಾಯಿತು.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ ಇರುವುದು ಮಂಜೇಶ್ವರದಲ್ಲಿ. ಮಣ್ಣಗುಡ್ಡದಿಂದ ಇಪ್ಪತ್ತೈದು ಕಿಲೋಮೀಟರೂ ಇಲ್ಲ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ಮಧ್ಯಾಹ್ನ ಅಮ್ಮನ ಜೊತೆ ಉಂಡು, ಸಂಜೆಯ ಬಸ್ಸಿಗೆ ಹೋಗುವವಳು. ಅವಳಿಗೆ ಅದು ಕೇರಳ, ಇದು ಕರ್ನಾಟಕ ಎಂದು ಅನಿಸಿದ್ದೇ ಇಲ್ಲ. ಆ ಏಪ್ರಿಲ್‌ನಲ್ಲಿ ಫೋನಿನಲ್ಲಿ ಕೇಳಿದಳು: “ನಮ್ಮನ್ನು ಯಾಕೆ ಹೀಗೆ ಮಣ್ಣು ಹಾಕಿ ಮುಚ್ಚಿದ್ರು?” ನಾನು ಸೋಂಕು, ಸಂಖ್ಯೆ ಎಂದು ಏನೋ ಹೇಳಿದೆ. ಸೋಂಕು ಇಳಿದದ್ದು ವಿಮಾನ ನಿಲ್ದಾಣಗಳಲ್ಲಿ, ಮಣ್ಣು ಬಿದ್ದದ್ದು ಅವಳ ರಸ್ತೆಯಲ್ಲಿ ಎಂಬುದು ಫೋನ್ ಇಟ್ಟ ಮೇಲೆ ಹೊಳೆಯಿತು. ವಿಮಾನದ ಬಾಗಿಲಲ್ಲಿ ಎರಡು ತಿಂಗಳು ಹಿಂದೆಮುಂದೆ ನೋಡಿದ ನಾವು ಆಂಬ್ಯುಲೆನ್ಸಿನ ಬಾಗಿಲನ್ನು ಎರಡು ದಿನದಲ್ಲಿ ಮುಚ್ಚಿದೆವು. ತಡವಾದ ನಿರ್ಬಂಧದ ಒಂದು ಗುಣ ಇದು. ತಡವಾಯಿತೆಂಬ ಹೆದರಿಕೆಯಲ್ಲಿ ಅದು ಕೈಗೆ ಸಿಕ್ಕಿದ್ದನ್ನೆಲ್ಲ ಮುಚ್ಚುತ್ತದೆ, ಹತ್ತಿರದವರನ್ನೇ ಮೊದಲು.

ಏಪ್ರಿಲ್ 25ರ ಬೆಳಗಿನ ಜಾವ ಅಮ್ಮ ತೀರಿಕೊಂಡಳು. ಕೋವಿಡ್ ಅಲ್ಲ, ಹೃದಯ. ಆಸ್ಪತ್ರೆಗೆ ಒಯ್ಯುವಷ್ಟು ಸಮಯವೂ ಸಿಗಲಿಲ್ಲ. ಅಂತ್ಯಕ್ರಿಯೆಗೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ, ನಮ್ಮಲ್ಲಿ ಹನ್ನೆರಡು ಜನ ಇದ್ದೆವು. ಓಣಿಯವರು ಗೇಟಿನ ಹೊರಗೆ ದೂರದೂರ ನಿಂತಿದ್ದರು. ಅಕ್ಕನ ಮಗ ಫೋನ್ ಎತ್ತಿ ಹಿಡಿದಿದ್ದ. ಪರದೆಯ ಮೇಲಿನ ಒಂದು ಚೌಕದಲ್ಲಿ ದುಬೈಯ ಕೋಣೆಯಲ್ಲಿ ಮಂಚದ ಮೇಲೆ ಕೂತ ತಮ್ಮ, ಇನ್ನೊಂದರಲ್ಲಿ ಮಂಜೇಶ್ವರದ ಚಿಕ್ಕಮ್ಮ. ಒಬ್ಬನಿಗೂ ನಮಗೂ ನಡುವೆ ಒಂದು ಸಮುದ್ರ, ಇನ್ನೊಬ್ಬಳಿಗೂ ನಮಗೂ ನಡುವೆ ಒಂದು ಮಣ್ಣಿನ ರಾಶಿ. ಪರದೆಯಲ್ಲಿ ಇಬ್ಬರೂ ಒಂದೇ ದೂರದಲ್ಲಿ ಕಂಡರು.

ವಿದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ರಂದು ಶುರುವಾದವು. ಮಂಗಳೂರಿಗೆ ಮೊದಲನೆಯದು ದುಬೈಯಿಂದ ಬಂದದ್ದು ಮೇ 12ರ ರಾತ್ರಿ. ಗರ್ಭಿಣಿಯರು, ಕಾಯಿಲೆಯವರು, ಕೆಲಸ ಕಳೆದುಕೊಂಡವರು ಅದರಲ್ಲಿದ್ದರು. ಇಳಿದವರನ್ನು ಮನೆಗೆ ಬಿಡದೆ ನೇರ ಕ್ವಾರಂಟೈನ್ ಜಾಗಗಳಿಗೆ ಒಯ್ದರು. ಮೂರನೇ ದಿನ ಅವರಲ್ಲಿ ಸುಮಾರು ಇಪ್ಪತ್ತು ಮಂದಿಗೆ, ನಮ್ಮ ಜಿಲ್ಲೆ ಮತ್ತು ಉಡುಪಿ ಸೇರಿ, ಸೋಂಕು ಇದೆ ಎಂದು ವರದಿ ಬಂತು. ಆ ದಿನ ಊರಲ್ಲಿ ಗಾಬರಿಯೋ ಗಾಬರಿ. “ನೋಡಿದಿರಾ, ಮತ್ತೆ ವಿಮಾನದಲ್ಲೇ ಬಂತು” ಎಂದು ನಮ್ಮ ಅಂಗಡಿಯವರೂ ಹೇಳಿದರು.

ನಾನು ಆ ಸುದ್ದಿಯನ್ನು ಬೇರೆ ರೀತಿ ಓದಿದೆ. ಒಂದೇ ವಿಮಾನದಲ್ಲಿ ಇಪ್ಪತ್ತು ಸೋಂಕಿತರು ಬಂದರು. ಆದರೆ ವರದಿ ಬಂದಾಗ ಅವರೆಲ್ಲ ಎಲ್ಲಿದ್ದಾರೆ ಎಂದು ಆಡಳಿತಕ್ಕೆ ಗೊತ್ತಿತ್ತು. ಕೋಣೆ ಸಂಖ್ಯೆ ಸಮೇತ. ಯಾವ ಮದುವೆಗೆ ಹೋಗಿದ್ದರು, ಯಾವ ಬಸ್ಸು ಹತ್ತಿದ್ದರು ಎಂದು ಹುಡುಕುವ ಅಗತ್ಯವಿರಲಿಲ್ಲ. ಮಾರ್ಚ್‌ನಲ್ಲಿ ಬಂದವರಲ್ಲಿ ಹೆಚ್ಚಿನವರ ಕೈಗೆ ಮುದ್ರೆ ಒತ್ತಿ ಮನೆಗೆ ಕಳಿಸಲಾಗಿತ್ತು. ಮನೆ ಎಂದರೆ ನಮ್ಮಂಥ ಮನೆ, ಒಂದು ಬಚ್ಚಲುಮನೆ, ಒಬ್ಬಳು ಮುದುಕಿ. ಮಾರ್ಚ್‌ನ ವಿಮಾನಕ್ಕೂ ಮೇ ತಿಂಗಳ ವಿಮಾನಕ್ಕೂ ಇದ್ದ ವ್ಯತ್ಯಾಸ ಸೋಂಕಿನದಲ್ಲ, ಕೋಣೆಯದು.

ತಮ್ಮ ಬಂದದ್ದು ಜೂನ್ ಮಧ್ಯದಲ್ಲಿ. ಸಂಬಳ ಅರ್ಧವಾಗಿ, ಆಮೇಲೆ ನಿಂತು, ಸಾಲ ಮಾಡಿ ಟಿಕೆಟ್ ಕೊಂಡಿದ್ದ. ನಗರದ ಒಂದು ಲಾಡ್ಜಿನಲ್ಲಿ ಏಳು ದಿನ ಇರಿಸಿದರು, ಅದರ ಖರ್ಚೂ ಅವನದೇ. ಮಣ್ಣಗುಡ್ಡದಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಸಂಜೆ ಗಂಜಿ, ಚಟ್ನಿ, ಒಂದಿಷ್ಟು ಉಪ್ಪಿನಕಾಯಿ ಒಯ್ದು ಕೆಳಗಿನ ಮೇಜಿನ ಮೇಲಿಟ್ಟು ಮಳೆಯಲ್ಲಿ ಕೊಡೆ ಹಿಡಿದು ರಸ್ತೆಯಾಚೆ ನಿಲ್ಲುತ್ತಿದ್ದೆ. ಮೂರನೇ ಮಹಡಿಯ ಕಿಟಕಿಯಿಂದ ಅವನು ಕೈ ಎತ್ತುತ್ತಿದ್ದ.

ಅಲ್ಲಿ ನಿಂತಾಗಲೇ ನಾನು ಆ ಲೆಕ್ಕ ಹಾಕಿದ್ದು. ಮಾರ್ಚ್ 20ಕ್ಕೆ ಇಂಥದೊಂದು ಕೋಣೆ ಅವನಿಗೆ ಇದ್ದಿದ್ದರೆ ಏಪ್ರಿಲ್ 3ಕ್ಕೆ ಅವನ ಹದಿನಾಲ್ಕು ದಿನ ಮುಗಿಯುತ್ತಿತ್ತು. ಅಮ್ಮ ತೀರಿಕೊಂಡದ್ದು 25ಕ್ಕೆ. ನಡುವೆ ಇಪ್ಪತ್ತೆರಡು ದಿನ. ಅಮ್ಮನಿಗೂ ಅಪಾಯವಿಲ್ಲದೆ, ಓಣಿಗೂ ಅಪಾಯವಿಲ್ಲದೆ, ಅವನು ಅವಳ ಜೊತೆ ಇಪ್ಪತ್ತೆರಡು ದಿನ ಇರಬಹುದಿತ್ತು.

ಇದರಿಂದ ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ. ಸಾಂಕ್ರಾಮಿಕದ ಆರಂಭದಲ್ಲೇ ಸರಕಾರಗಳು ಪ್ರಯಾಣಕ್ಕೆ ಕಡಿವಾಣ ಹಾಕಬೇಕು. ಫೆಬ್ರವರಿಯಲ್ಲೇ ಹಾಕಬೇಕಿತ್ತು, ಒಂದು ದೇಶಕ್ಕಲ್ಲ, ಎಲ್ಲ ಕಡೆಯಿಂದ ಬರುವವರಿಗೂ. ಆದರೆ ಮೊದಲು ನಿಲ್ಲಬೇಕಾದವರು ಬಾರದೆ ಇದ್ದರೂ ನಡೆಯುವವರು, ಅಂದರೆ ಪ್ರವಾಸಿಗರು, ಸಮ್ಮೇಳನದವರು, ಎರಡು ದಿನದ ವ್ಯವಹಾರಕ್ಕೆ ಬರುವವರು. 15 ಲಕ್ಷ ಜನರಿಗೆ ಕೋಣೆ ಒದಗಿಸಲು ಯಾವ ಸರಕಾರಕ್ಕೂ ಆಗದು. ಆ ಸಂಖ್ಯೆ ಇಳಿದರೆ ಮನೆಗೆ ಬರಬೇಕಾದವರಿಗೆ ಕೋಣೆ ಸಾಕಾಗಬಹುದು. ನಿರ್ಬಂಧ ಇರುವುದು ಕೋಣೆ ಸಾಲುವಂತೆ ಮಾಡುವುದಕ್ಕೆ. ಮನೆಯವರನ್ನು ಹೊರಗಿಡುವುದಕ್ಕೆ ಅಲ್ಲ.

ಈ ಗೆರೆ ದಾಟಿದರೆ ಏನಾಗುತ್ತದೆ ಎಂಬುದನ್ನು ಶ್ರೀಮಂತ ದೇಶಗಳೂ ತೋರಿಸಿದವು. 2020ರ ಮಾರ್ಚ್ 19ಕ್ಕೇ ಗಡಿ ಮುಚ್ಚಿದ ನ್ಯೂಜಿಲೆಂಡ್ ಬಹಳ ಜೀವಗಳನ್ನು ಉಳಿಸಿಕೊಂಡಿತು. ಆದರೆ ಕ್ವಾರಂಟೈನ್ ಕೋಣೆಗಳು ಸಾಲದೆ 2021ರಲ್ಲಿ ತನ್ನದೇ ನಾಗರಿಕರಿಗೆ ಲಾಟರಿ ಎತ್ತಿತು, ಅದು ಕೆಲವರ ಮರಳುವ ಹಕ್ಕನ್ನು ಮೊಟಕು ಮಾಡಿತೆಂದು ಅಲ್ಲಿನ ಹೈಕೋರ್ಟು 2022ರಲ್ಲಿ ಹೇಳಿತು. 2021ರ ಮೇ ತಿಂಗಳಲ್ಲಿ ನಮ್ಮಲ್ಲಿ ಎರಡನೇ ಅಲೆ ಏರಿದಾಗ ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ, ಭಾರತದಿಂದ ಮರಳುವ ತನ್ನದೇ ಪ್ರಜೆಗಳಿಗೆ ಜೈಲು, ದಂಡ ಎಂದು ಎರಡು ವಾರ ಆದೇಶ ಹೊರಡಿಸಿತ್ತು. ಅಜ್ಜಿಯನ್ನು ನೋಡಲೆಂದು ಬಂದ ಕುಟುಂಬಗಳಿಗೆ ತಮ್ಮ ಮನೆಗೆ ಹೋಗುವುದು ಅಪರಾಧವಾಯಿತು.

ನನ್ನ ಮಟ್ಟಿಗೆ ಆ ರಾತ್ರಿಯ “ಬರಬೇಡ” ತಪ್ಪೇ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಇದ್ದ ಒಂದು ಬಚ್ಚಲುಮನೆಯನ್ನು ನೋಡಿ ಹೇಳಿದ ಮಾತು ಅದು. ತಪ್ಪಾದದ್ದು ಮರುದಿನದ ಸುಳ್ಳು. ಅಮ್ಮನಿಗೆ ನಿಜ ಹೇಳಿದ್ದರೆ ಅವಳೇ ಏನಾದರೂ ದಾರಿ ಹೇಳುತ್ತಿದ್ದಳೋ ಏನೋ. ಹಿಂದೆ ಓಣಿಯಲ್ಲಿ ಸಿಡುಬು ಬಂದಾಗ ಮನೆಯ ಹಿಂದೆ ಮಡಲಿನ ಚಪ್ಪರ ಕಟ್ಟಿ ಮಾವನನ್ನು ಬೇರೆ ಮಲಗಿಸಿದ್ದ ಕತೆಯನ್ನು ಅವಳೇ ನಮಗೆ ಹೇಳಿದ್ದಳು. ಅವಳನ್ನು ಕೇಳದೆ ಅವಳನ್ನು ಕಾಪಾಡಲು ಹೊರಟೆ.

ತಮ್ಮನಿಗೆ ಈ ಸುಳ್ಳಿನ ವಿಷಯ ಹೇಳಿದ್ದು ಅವನು ಲಾಡ್ಜಿನಿಂದ ಮನೆಗೆ ಬಂದ ರಾತ್ರಿ. ಕೇಳಿ ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ “ನಾಳೆ ಮೇಲಿನ ಕೋಣೆ ಖಾಲಿ ಮಾಡುವ” ಎಂದ. ಇನ್ನೂ ಏಳು ದಿನ ಅವನು ಮನೆಯಲ್ಲಿ ಬೇರೆ ಇರಬೇಕಿತ್ತು. ಅಷ್ಟು ದಿನ ಅವನು ಆ ಕೋಣೆಯಲ್ಲೇ ಇದ್ದು, ಹಿಂದಿನ ಅಂಗಳದಲ್ಲಿ ತಗಡು ಮರೆಮಾಡಿ ಸ್ನಾನ ಮಾಡಿದ.

2021ರ ಬೇಸಿಗೆಯಲ್ಲಿ ಮೇಲೊಂದು ಬಚ್ಚಲುಮನೆ ಕಟ್ಟಿಸಿದೆವು. ಎರಡನೇ ಅಲೆಯ ನಡುವೆ ಪ್ಲಂಬರ್ ಸಿಗುವುದು ಕಷ್ಟವಾಗಿತ್ತು, ಸಿಕ್ಕಿದವರು “ಇಬ್ಬರೇ ಇರುವ ಮನೆಗೆ ಇನ್ನೊಂದು ಯಾಕೆ?” ಎಂದು ಕೇಳಿದರು. ಈಗ ತಮ್ಮ ಮತ್ತೆ ದುಬೈಯಲ್ಲಿದ್ದಾನೆ, ರಜೆಗೆ ಬಂದಾಗ ಆ ಕೋಣೆಯಲ್ಲೇ ಮಲಗುತ್ತಾನೆ. ಉಳಿದ ಹನ್ನೊಂದು ತಿಂಗಳು ಅದು ಖಾಲಿ ಇರುತ್ತದೆ. ತೆಂಗಿನಕಾಯಿ ಅಲ್ಲಿ ಹಾಕಲು ನಾನು ಬಿಡುವುದಿಲ್ಲ. ವಾರಕ್ಕೊಮ್ಮೆ ಹತ್ತಿ ಹೋಗಿ ಕಿಟಕಿ ತೆರೆದು, ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ನೋಡಿ ಬರುತ್ತೇನೆ.